ನಿಂತವರಿಗೆ ಕಾಣುವ ಹಕ್ಕಿಗಳು: ನಂದಿಬೆಟ್ಟ, ಗಣೇಶಗುಡಿಗೆ ಚಳಿಗಾಲದ ಪಯಣ

ಚಳಿಗಾಲದಲ್ಲಿ ಹಾಡುಹಕ್ಕಿಗಳ ಚಿತ್ರ ತೆಗೆಯಲು ಹೊರಡುವವರಲ್ಲಿ ಬಹುಪಾಲು ಜನ ಬೇಕಾದ್ದಕ್ಕಿಂತ ಹೆಚ್ಚು ನಡೆಯುತ್ತಾರೆ. ಹಕ್ಕಿ ಹಾರಿದ ಕಡೆಗೆಲ್ಲ ಕ್ಯಾಮೆರಾ ಹೊತ್ತು ಓಡುತ್ತಾರೆ. ಸಂಜೆ ನೋಡಿದರೆ ಬೆನ್ನು, ಬಾಲ, ಅಲ್ಲಾಡಿದ ಎಲೆಗಳ ಚಿತ್ರಗಳೇ ಹೆಚ್ಚು. ಹಿಮಾಲಯದ ಕಡೆಯಿಂದ ಇಳಿದುಬಂದ ನೊಣಹಿಡುಕ (ಫ್ಲೈಕ್ಯಾಚರ್), ಉಲಿಯಕ್ಕಿ (ವಾರ್ಬ್ಲರ್), ನೀಲಿ ಚಟಕ ಎಂಬ ಪುಟ್ಟ ಹಕ್ಕಿಗಳು ಇಲ್ಲಿ ಅಲೆಮಾರಿಗಳಂತೆ ತಿರುಗುವುದಿಲ್ಲ. ಒಂದು ಮರವನ್ನೋ ಪೊದೆಯನ್ನೋ ತೇವವಿರುವ ಹಳ್ಳದ ಮಗ್ಗುಲನ್ನೋ ತಮ್ಮದೆಂದು ಹಿಡಿದು ತಿಂಗಳುಗಟ್ಟಲೆ ಅಲ್ಲೇ ಇರುತ್ತವೆ. ಹತ್ತು ಗ್ರಾಂ ಕೂಡ ತೂಗದ ಹಸಿರು ಎಲೆ ಉಲಿಯಕ್ಕಿ ಚಳಿಗಾಲದಲ್ಲೂ ತನ್ನ ಗಡಿ ಕಾಯುತ್ತದೆ, ಒಳಗೆ ಬಂದ ಇನ್ನೊಂದನ್ನು ಅಟ್ಟುತ್ತದೆ. ತಮಿಳುನಾಡಿನ ಮುಂಡಂತುರೈ ಕಾಡಿನಲ್ಲಿ ಸಂಶೋಧಕರು ಇದನ್ನು ವಿವರವಾಗಿ ದಾಖಲಿಸಿದ್ದಾರೆ. ಹಾಗಾಗಿ ಹಕ್ಕಿ ಕೂರುವ ಜಾಗವನ್ನು ಮೊದಲು ಗುರುತಿಸಿ, ಅಲ್ಲಿ ಅಲುಗಾಡದೆ ನಿಲ್ಲಬೇಕು. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ವಿಸ್ತಾರ.

ಉದಾಹರಣೆಗೆ ಎರಡು ಜಾಗಗಳನ್ನು ತೆಗೆದುಕೊಂಡಿದ್ದೇನೆ. ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದ, 1,478 ಮೀಟರ್ ಎತ್ತರದ ನಂದಿಬೆಟ್ಟ ಒಂದು ಬೆಳಗಿನ ಪ್ರವಾಸಕ್ಕೆ ಒದಗುತ್ತದೆ. ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನ ಗಣೇಶಗುಡಿಗೆ ಕನಿಷ್ಠ ಎರಡು ರಾತ್ರಿ ಬೇಕು.

ಮೊದಲ ಹೆಜ್ಜೆ: ದಿನ ಮತ್ತು ಹೊತ್ತು

ವಲಸೆ ಹಕ್ಕಿಗಳು ಸೆಪ್ಟೆಂಬರ್‌ನಿಂದಲೇ ಬರತೊಡಗಿದರೂ ಅವು ತಮ್ಮ ಜಾಗ ಹಿಡಿದು ನೆಲೆಯಾಗಿರುವುದು ಡಿಸೆಂಬರ್, ಜನವರಿಯಲ್ಲಿ. ಮಾರ್ಚ್‌ನಲ್ಲಿ ಹೊರಡುವ ಗಡಿಬಿಡಿ ಶುರುವಾಗುತ್ತದೆ. ಹೂವಿನ ಮರಗಳ ಮೇಲೆ ಹಕ್ಕಿ ಬೇಕೆನ್ನುವವರು ಜನವರಿ ಕೊನೆಯಿಂದ ಫೆಬ್ರವರಿಯವರೆಗಿನ ದಿನಗಳನ್ನು ಆರಿಸಿಕೊಳ್ಳಲಿ. ಬೂರುಗ, ಹಾಲಿವಾಣ, ಮುತ್ತುಗ ಒಂದರ ಹಿಂದೊಂದು ಅರಳುವ ಕಾಲವದು. ಎಲೆ ಉದುರಿದ ಕೊಂಬೆಯ ಮೇಲೆ ಕೆಂಪು ಹೂವು, ಅದರಲ್ಲಿ ಮುಖ ಹುದುಗಿಸಿದ ಎಲೆಹಕ್ಕಿ ಅಥವಾ ಕಾಜಾಣ. ಮರೆಯಾಗಿಸುವ ಎಲೆಯೇ ಇಲ್ಲದ್ದರಿಂದ ಚಿತ್ರ ಸುಲಭ.

ನಂದಿಗೆ ವಾರದ ನಡುವಿನ ದಿನ ಹೋಗಿ. ಶನಿವಾರ, ಭಾನುವಾರ ಸೂರ್ಯೋದಯ ನೋಡುವವರ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡರೆ ಒಳ್ಳೆಯ ಹೊತ್ತೆಲ್ಲ ರಸ್ತೆಯಲ್ಲೇ ಕಳೆದುಹೋಗುತ್ತದೆ. ಜನವರಿಯಲ್ಲಿ ಸೂರ್ಯ ಏಳುವುದು 6.40ರ ಸುಮಾರಿಗೆ. ಆದರೂ ಮಂಜು ಕವಿದ ಬೆಳಗಿನಲ್ಲಿ ಚಿತ್ರಕ್ಕೆ ಸಾಕಾಗುವ ಬೆಳಕು ಬರುವುದು ಎಂಟರ ನಂತರ. ಆ ನಡುವಿನ ಹೊತ್ತು ವ್ಯರ್ಥವಲ್ಲ. ಕ್ಯಾಮೆರಾ ಚೀಲದಲ್ಲೇ ಇರಲಿ, ಕಿವಿ ಕೆಲಸ ಮಾಡಲಿ.

ಎರಡನೆಯ ಹೆಜ್ಜೆ: ಕಿವಿಯಿಂದ ಹುಡುಕುವುದು

ಹಾಡುಹಕ್ಕಿ ಎಂದ ಮಾತ್ರಕ್ಕೆ ಚಳಿಗಾಲದಲ್ಲಿ ಅದು ಹಾಡುತ್ತಿರುತ್ತದೆ ಎಂದುಕೊಳ್ಳಬೇಡಿ. ಪೂರ್ತಿ ಹಾಡು ಮುಖ್ಯವಾಗಿ ಸಂತಾನದ ಕಾಲದ್ದು. ಬೇಸಿಗೆಯಲ್ಲಿ ಹಿಮಾಲಯದ ಕಣಿವೆ ತುಂಬುವಂತೆ ಹಾಡುವ ನೀಲಿ ಚಟಕ ನಮ್ಮ ಕಾಡಿನಲ್ಲಿ ‘ಟಕ್... ಟಕ್’ ಎಂಬ ಸಣ್ಣ ಸದ್ದಿಗೆ ಇಳಿದಿರುತ್ತದೆ. ಹೊಸಬರು ಹಾಡಿಗಾಗಿ ಕಾದು ಹಕ್ಕಿಯನ್ನು ಕಳೆದುಕೊಳ್ಳುವುದು ಇಲ್ಲಿಯೇ. ಚಳಿಗಾಲದಲ್ಲಿ ಕಲಿಯಬೇಕಾದ್ದು ಚಿಕ್ಕ ಕರೆಗಳನ್ನು.

ನಾಲ್ಕು ಕರೆ ಗೊತ್ತಿದ್ದರೆ ನಂದಿಯ ಬೆಳಗು ತೆರೆದುಕೊಳ್ಳುತ್ತದೆ. ಮರದ ಮೇಲ್ಭಾಗದಿಂದ ಬಿಟ್ಟುಬಿಟ್ಟು ಬರುವ ಎರಡಕ್ಷರದ ‘ಚಿ-ಸ್ಲಿ’ ಹಸಿರು ಎಲೆ ಉಲಿಯಕ್ಕಿಯದು. ಪೊದೆಯ ಒಳಗಿನಿಂದ ಗಟ್ಟಿಯಾಗಿ ಒಂದೊಂದೇ ‘ಚಕ್’ ಬಂದರೆ ಅದು ಕಂದು ಬಣ್ಣದ, ಯಾವ ಗುರುತೂ ಇಲ್ಲದ ಬ್ಲೈತ್ ಉಲಿಯಕ್ಕಿ. ಒಣಗಿದ ಕಡ್ಡಿಯನ್ನು ಬೆರಳಿನಿಂದ ಕೆರೆದಂಥ ‘ಟ್ರ್‌ರ್‌ರ್’ ಕೇಳಿದರೆ ಎದೆಮಟ್ಟದ ಕೊಂಬೆಗಳನ್ನು ನೋಡಿ, ಬಾಲವನ್ನು ಮೇಲಕ್ಕೆತ್ತಿ ಬುಡದ ಬಿಳಿ ಮಚ್ಚೆ ತೋರಿಸುವ ಕೆಂಪೆದೆಯ ನೊಣಹಿಡುಕ ಅಲ್ಲಿರುತ್ತದೆ. ನಾಲ್ಕನೆಯದು ಒಣಗಿದ ತರಗೆಲೆಯ ಸದ್ದು. ಇದು ಕರೆಯಲ್ಲ, ಆದರೆ ಕರೆಯಷ್ಟೇ ಮುಖ್ಯ. ಎಲೆ ಮಗುಚುವ ‘ಸರಕ್’ ಸದ್ದು ಒಂದೇ ಕಡೆಯಿಂದ ಬರುತ್ತಿದ್ದರೆ ಅಲ್ಲಿ ನೆಲಸಿಳ್ಳಾರವೋ ಹರಟೆಮಲ್ಲಗಳೋ ಮೇಯುತ್ತಿವೆ.

ಇಲ್ಲಿಯೇ ಹುಟ್ಟಿ ಬೆಳೆದ ಹಕ್ಕಿಗಳ ಮಾತು ಬೇರೆ. ನಸುಕಿನಲ್ಲಿ ಯಾರೋ ಹುಡುಗ ದಾರಿಯಲ್ಲಿ ಶಿಳ್ಳೆ ಹಾಕಿಕೊಂಡು ಹೋಗುತ್ತಿದ್ದಾನೆ ಎನಿಸಿದರೆ ಅದು ಮಲಬಾರ್ ಸಿಳ್ಳಾರ.

ಮೊಬೈಲಿನ ಮರ್ಲಿನ್ ಆ್ಯಪ್ ಸದ್ದು ಕೇಳಿ ಹೆಸರು ಸೂಚಿಸುತ್ತದೆ. ಅದನ್ನು ಬಳಸಿ, ಆದರೆ ಅದು ಹೇಳಿದ ಹೆಸರನ್ನು ಕಣ್ಣಾರೆ ಕಂಡ ಮೇಲಷ್ಟೇ ಒಪ್ಪಿ. ದಟ್ಟ ಕಾಡಿನಲ್ಲಿ ಭೀಮರಾಜ ಎಂಬ ಕಾಜಾಣ ಹಲವು ಹಕ್ಕಿಗಳ ದನಿಯನ್ನು ಅನುಕರಿಸುತ್ತದೆ. ಆ್ಯಪ್ ತೋರಿಸಿದ ಮೂರು ಹೆಸರೂ ಒಂದೇ ಕೊಕ್ಕಿನಿಂದ ಬಂದಿರಬಹುದು.

ಮೂರನೆಯ ಹೆಜ್ಜೆ: ಜಾಗ ಗೊತ್ತುಮಾಡಿಕೊಂಡು ನಿಲ್ಲುವುದು

ನಂದಿಯಲ್ಲಿ ಜನ ಟಿಪ್ಪು ಡ್ರಾಪ್ ಕಡೆ ನಡೆದರೆ ನೀವು ತೋಟಗಾರಿಕೆ ಇಲಾಖೆಯ ಸಸಿಮಡಿಗಳ ಸುತ್ತ, ಅಮೃತ ಸರೋವರದ ಆಸುಪಾಸಿನ ಮರಗಳ ಕಡೆ ಹೋಗಿ. ಗೊಬ್ಬರದ ಗುಡ್ಡೆ, ನೀರು ಸೋರುವ ನಲ್ಲಿ, ಬಿದ್ದ ಎಲೆ ಕೊಳೆಯುವ ಮೂಲೆ ಕಣ್ಣಿಗೆ ಚೆಂದವಲ್ಲದಿದ್ದರೂ ಹುಳು ಇರುವುದು ಅಲ್ಲೇ, ಹಕ್ಕಿ ಬರುವುದೂ ಅಲ್ಲಿಗೇ. ಬಂಡೆ ಮತ್ತು ಕುರುಚಲು ಇರುವ ಇಳಿಜಾರುಗಳನ್ನು ಬೇರೆಯಾಗಿ ನೋಡಬೇಕು. ಹಳದಿ ಕೊರಳಿನ ಪಿಕಳಾರ ಇರುವುದು ಅಂಥ ಕಡೆ. ದಕ್ಷಿಣ ಭಾರತದ ಬಂಡೆಗುಡ್ಡಗಳಲ್ಲಲ್ಲದೆ ಜಗತ್ತಿನ ಬೇರೆಲ್ಲೂ ಸಿಗದ, ಅಪಾಯದ ಅಂಚಿನಲ್ಲಿರುವ ಹಕ್ಕಿ ಇದು. ವಲಸೆ ಹಕ್ಕಿಗಳ ಗುಂಗಿನಲ್ಲಿ ಇದನ್ನು ಮರೆತು ಇಳಿಯುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ನಿಲ್ಲುವ ಕ್ರಮವನ್ನು ಒಂದು ಹಕ್ಕಿಯ ಮೂಲಕ ಹೇಳುತ್ತೇನೆ. ಅಲ್ಟ್ರಾಮರೀನ್ ನೊಣಹಿಡುಕದ ಗಂಡಿಗೆ ಬೆನ್ನು ಕಡುನೀಲಿ, ಹೊಟ್ಟೆ ಅಚ್ಚ ಬಿಳಿ, ಎದೆಯ ಎರಡು ಬದಿಗೆ ಕತ್ತರಿಸಿಟ್ಟಂಥ ನೀಲಿ ಮಚ್ಚೆ. ಅದನ್ನು ಮೊದಲ ಬಾರಿ ಕಂಡಾಗ ಕ್ಯಾಮೆರಾ ಎತ್ತಬೇಡಿ, ನೋಡಿ. ನೆರಳಿನ ಕೊಂಬೆಯಿಂದ ಕೆಳಗೆ ಜಿಗಿಯುತ್ತದೆ, ಹುಳು ಹಿಡಿದು ಎರಡು ಮೀಟರ್ ಆಚೆಯ ಒಣ ರೆಂಬೆಗೆ ಹೋಗುತ್ತದೆ, ಕೊಕ್ಕನ್ನು ರೆಂಬೆಗೆ ಎರಡು ಸಲ ಉಜ್ಜುತ್ತದೆ, ಅಲ್ಲಿಂದ ಬೇಲಿಯ ತಂತಿಗೆ, ಮತ್ತೆ ಮೊದಲಿನ ಕೊಂಬೆಗೆ. ಹತ್ತು ನಿಮಿಷ ನೋಡಿದರೆ ಈ ಸುತ್ತಿನಲ್ಲಿ ಮೂರೋ ನಾಲ್ಕೋ ಆಸನಗಳಿವೆ ಎಂಬುದು ತಿಳಿಯುತ್ತದೆ. ಅವುಗಳಲ್ಲಿ ಹಿನ್ನೆಲೆ ದೂರವಿರುವ, ಮುಖಕ್ಕೆ ಬೆಳಕು ಬೀಳುವ ಒಂದನ್ನು ಆರಿಸಿ. ಹಕ್ಕಿ ಬೇರೆ ಕಡೆ ಇರುವಾಗ, ಅದು ಇರುವಾಗಲಲ್ಲ, ಆ ಆಸನದಿಂದ ಆರೇಳು ಮೀಟರ್ ದೂರದಲ್ಲಿ ಮರದ ಬೊಡ್ಡೆಗೆ ಒರಗಿ ನಿಲ್ಲಿ. ಖಾಲಿ ರೆಂಬೆಗೆ ಫೋಕಸ್ ಮಾಡಿ ಒಂದು ಚಿತ್ರ ತೆಗೆದು ಬೆಳಕು ಸರಿಯಿದೆಯೇ ನೋಡಿಕೊಳ್ಳಿ. ಆಮೇಲೆ ಕೈ ಇಳಿಸದೆ ಕಾಯಿರಿ. ಹಕ್ಕಿ ಒಮ್ಮೆ ಬಂದು ನಿಮ್ಮನ್ನು ನೋಡಿ ಹಾರಿಹೋಗುತ್ತದೆ. ಆಗಲೂ ಅಲುಗಬೇಡಿ. ಅದು ಮತ್ತೆ ಬಂದು ಬಾಲ ಸಡಿಲಿಸಿ, ಗರಿ ಕೊಡವಿ ಕುಳಿತರೆ ನಿಮ್ಮನ್ನು ಮರದ ಭಾಗವೆಂದು ಒಪ್ಪಿಕೊಂಡಿದೆ ಎಂದರ್ಥ. ಚಿತ್ರ ತೆಗೆಯುವ ಹೊತ್ತು ಅದು.

ಬಟ್ಟೆಯ ಬಗ್ಗೆ ಬಹಳ ಹೇಳುವುದೇನಿಲ್ಲ. ಬಿಳಿ, ಕೆಂಪು, ಹೊಳೆಯುವ ಜಾಕೆಟ್ ಬೇಡ, ಮಾಸಲು ಹಸಿರು ಅಥವಾ ಕಂದು ಸಾಕು. ಬಟ್ಟೆಗಿಂತ ಕೈಯ ಚಲನೆ ಹಕ್ಕಿಯನ್ನು ಹೆಚ್ಚು ಹೆದರಿಸುತ್ತದೆ.

ನಾಲ್ಕನೆಯ ಹೆಜ್ಜೆ: ಕ್ಯಾಮೆರಾ

ಸಣ್ಣ ಹಕ್ಕಿಗಳಿಗೆ 400 ಮಿ.ಮೀ. ಲೆನ್ಸ್ ಬೇಕು, 600 ಇದ್ದರೆ ಅನುಕೂಲ. ಅಷ್ಟು ಖರ್ಚು ಮಾಡಲಾಗದವರು ಹೆಚ್ಚು ಜೂಮ್ ಇರುವ ಬ್ರಿಡ್ಜ್ ಕ್ಯಾಮೆರಾದಿಂದಲೂ ಒಳ್ಳೆಯ ಚಿತ್ರ ತೆಗೆಯಬಹುದು. ಮೇಲೆ ಹೇಳಿದಂತೆ ಕಾದು ನಿಲ್ಲುವವರಿಗೆ ಲೆನ್ಸಿನ ಕೊರತೆ ಅರ್ಧ ತೀರುತ್ತದೆ.

ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿಯಾದ ಅಪರ್ಚರನ್ನು ಪೂರ್ತಿ ತೆರೆದಿಡಿ. ಕುಳಿತ ಹಕ್ಕಿಗೆ ಷಟರ್ ವೇಗ 1/500 ಸೆಕೆಂಡಿನಿಂದ ಶುರುಮಾಡಿ. ಎಲೆ ಉಲಿಯಕ್ಕಿಯಂತೆ ಒಂದು ಕ್ಷಣವೂ ನಿಲ್ಲದ ಹಕ್ಕಿಗೆ 1/1000 ಅಥವಾ ಅದಕ್ಕಿಂತ ಹೆಚ್ಚು ಬೇಕು. ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯನ್ನು ಹೇಳುವ ಐಎಸ್‌ಒ ಬಗೆಗಿನ ಅಂಜಿಕೆ ಬಿಡಿ. 1600, 3200ಕ್ಕೆ ಏರಿಸಿದಾಗ ಬರುವ ಕಾಳುಕಾಳನ್ನು ಮನೆಯಲ್ಲಿ ಕಂಪ್ಯೂಟರಿನಲ್ಲಿ ತಗ್ಗಿಸಬಹುದು, ಅಲುಗಾಡಿದ ಕಣ್ಣನ್ನು ಯಾವ ಸಾಫ್ಟ್‌ವೇರೂ ನೆಟ್ಟಗೆ ಮಾಡುವುದಿಲ್ಲ. ಫೋಕಸ್ ಯಾವಾಗಲೂ ಕಣ್ಣಿನ ಮೇಲೆ. ಹೊಸ ಕ್ಯಾಮೆರಾಗಳು ಹಕ್ಕಿಯ ಕಣ್ಣನ್ನು ತಾವೇ ಹಿಡಿಯುತ್ತವೆಯಾದರೂ ಪೊದೆಯೊಳಗೆ ಅಡ್ಡ ಬಂದ ಕಡ್ಡಿಗೆ ಮೋಸಹೋಗುವುದುಂಟು. ಅಲ್ಲಿ ಒಂದೇ ಬಿಂದುವಿನ ಫೋಕಸ್ ಹೆಚ್ಚು ನಂಬಿಕಸ್ಥ.

ಮಂಜಿನಲ್ಲಿ ಕ್ಯಾಮೆರಾ ಬಿಳಿ ಹಿನ್ನೆಲೆಯನ್ನು ಕಂಡು ಚಿತ್ರವನ್ನು ಕಪ್ಪಾಗಿಸುತ್ತದೆ. ಎಕ್ಸ್‌ಪೋಷರನ್ನು ಒಂದು ಸ್ಟಾಪ್ ಹೆಚ್ಚಿಸಿ, ಅಂದರೆ ಬೆಳಕನ್ನು ಎರಡು ಪಟ್ಟು ಮಾಡಿ. ಆಕಾಶದ ಎದುರು ಕುಳಿತ ಹಕ್ಕಿಗೂ ಇದೇ ಉಪಾಯ, ಕೆಲವೊಮ್ಮೆ ಒಂದೂವರೆ ಸ್ಟಾಪ್ ಬೇಕಾಗುತ್ತದೆ. ಕತ್ತಲ ಪೊದೆಯ ಎದುರು ಬಿಸಿಲಿನಲ್ಲಿರುವ ಬಿಳಿ ಹೊಟ್ಟೆಯ ಹಕ್ಕಿಗೆ ಮಾತ್ರ ತಗ್ಗಿಸಬೇಕು, ಇಲ್ಲವಾದರೆ ಹೊಟ್ಟೆಯ ಗರಿಗಳೆಲ್ಲ ಸುಣ್ಣ ಬಳಿದಂತೆ ಒಂದೇ ಬಿಳಿಯಾಗುತ್ತವೆ. ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ರಾ ಫೈಲ್ ಇಟ್ಟುಕೊಂಡರೆ ಇಂಥ ಸಣ್ಣಪುಟ್ಟ ಏರುಪೇರುಗಳನ್ನು ತಿದ್ದಬಹುದು.

ಎಸಿ ಹಾಕಿದ ಕಾರಿನಿಂದ ಲೆನ್ಸನ್ನು ನೇರವಾಗಿ ತೇವದ ಗಾಳಿಗೆ ತೆಗೆದರೆ ಗಾಜಿನ ಮೇಲೆ ಹನಿಗಟ್ಟುತ್ತದೆ. ಬೆಟ್ಟ ಹತ್ತುವಾಗ ಎಸಿ ಆರಿಸಿ ಕಿಟಕಿ ತೆರೆಯಿರಿ. ನಂದಿಯಲ್ಲಿ ಇನ್ನೊಂದು ಎಚ್ಚರ ಕೋತಿಗಳದ್ದು. ಬಿಸ್ಕತ್ ಪೊಟ್ಟಣ ಕೈಯಲ್ಲಿ ಕಂಡರೆ ಚೀಲಕ್ಕೇ ಕೈ ಹಾಕುತ್ತವೆ.

ಐದನೆಯ ಹೆಜ್ಜೆ: ಗಣೇಶಗುಡಿಯ ನೀರಿನ ತೊಟ್ಟಿಗಳ ಮುಂದೆ

ಹುಬ್ಬಳ್ಳಿಯವರೆಗೆ ರಾತ್ರಿ ರೈಲು, ಅಲ್ಲಿಂದ ದಾಂಡೇಲಿ ದಾರಿಯಾಗಿ ರಸ್ತೆ ಹಿಡಿದರೆ ಗಣೇಶಗುಡಿ ತಲುಪಬಹುದು. ಕಾಳಿ ನದಿಗೆ ಕಟ್ಟಿದ ಸೂಪಾ ಅಣೆಕಟ್ಟೆಯ ಪಕ್ಕದ ಊರು ಅದು. ಅಣೆಕಟ್ಟೆ ಕಟ್ಟುವಾಗ ಸಿಡಿಮದ್ದು ಇಡುತ್ತಿದ್ದ ಉಗ್ರಾಣವೇ ಇಂದಿನ ಓಲ್ಡ್ ಮ್ಯಾಗಝಿನ್ ಹೌಸ್. ಜಂಗಲ್ ಲಾಡ್ಜಸ್ ಸಂಸ್ಥೆ ನಡೆಸುವ ಈ ವಸತಿಯ ಅಂಗಳದಲ್ಲಿ ಹಕ್ಕಿಗಳಿಗೆಂದು ನೀರಿನ ತೊಟ್ಟಿಗಳನ್ನಿಟ್ಟಿದ್ದಾರೆ. ಚಳಿಗಾಲದ ರಜೆಯ ದಿನಗಳಿಗೆ ಕೊಠಡಿ ಬೇಕಿದ್ದರೆ ಬಹಳ ಮುಂಚೆಯೇ ಕಾದಿರಿಸಿ.

ಇಲ್ಲಿ ನಡೆಯುವ ಪ್ರಮೇಯವೇ ಇಲ್ಲ, ಕೂರುವುದೇ ಕೆಲಸ. ಬೆಳಗಿನ ತಿಂಡಿಯ ಹೊತ್ತಿನ ನಂತರ ಒಂದು ಸುತ್ತು, ಮಧ್ಯಾಹ್ನ ಮೂರರಿಂದ ಕತ್ತಲಾಗುವವರೆಗೆ ಇನ್ನೊಂದು ಸುತ್ತು ಹಕ್ಕಿಗಳು ನೀರಿಗಿಳಿಯುತ್ತವೆ. ಸಂಜೆಯ ಸುತ್ತೇ ಶ್ರೇಷ್ಠ ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲು ಬರುವುದು ಸಾಮಾನ್ಯವಾಗಿ ಧೈರ್ಯದ ಪಿಕಳಾರಗಳು. ಗೋವಾದ ರಾಜ್ಯಪಕ್ಷಿಯಾದ ಕೆಂಪು ಕೊರಳಿನ ಪಿಕಳಾರ ಇಲ್ಲಿ ತೊಟ್ಟಿಯ ಅಂಚಿಗೇ ಬರುತ್ತದೆ. ಕಪ್ಪು ತಲೆ, ಬಿಳಿ ಕಣ್ಣು, ಕೊರಳಲ್ಲಿ ಕೆಂಡದಂಥ ಒಂದು ಮಚ್ಚೆ. ಅವುಗಳ ಗದ್ದಲ ತಗ್ಗಿದ ಮೇಲೆ ಬಿಳಿ ಕೆನ್ನೆಗೆ ಎರಡು ಕಪ್ಪು ಗೆರೆ ಎಳೆದಂತಿರುವ ಕಿತ್ತಳೆ ತಲೆಯ ನೆಲಸಿಳ್ಳಾರ ಪೊದೆಯ ಬುಡದಿಂದ ಕುಪ್ಪಳಿಸುತ್ತ ಬರುತ್ತದೆ, ನಿಲ್ಲುತ್ತದೆ, ಸುತ್ತ ನೋಡುತ್ತದೆ, ಮತ್ತೆ ಕುಪ್ಪಳಿಸುತ್ತದೆ. ಬಾಲದಂಡೆ ಹಕ್ಕಿ ಮಾತ್ರ ತೊಟ್ಟಿಯಲ್ಲಿ ಕೂರುವ ಗೋಜಿಗೆ ಹೋಗದೆ ಕೊಂಬೆಯಿಂದ ನೇರ ನೀರಿಗೆ ಧುಮುಕಿ ಅದೇ ಕೊಂಬೆಗೆ ಮರಳುತ್ತದೆ. ಆ ಕೊಂಬೆಗೇ ಫೋಕಸ್ ಇಟ್ಟುಕೊಂಡಿರಿ. ಬೆಳಕು ಇನ್ನೇನು ಹೋಯಿತು ಎನ್ನುವಾಗ ಶಾಮಾ ಮತ್ತು ನೀಲಿ ಚಟಕ ಬರುತ್ತವೆ. ನೀಲಿ ಚಟಕವನ್ನು ಇಂಗ್ಲಿಷ್ ಪುಸ್ತಕಗಳಲ್ಲಿ ಇಂಡಿಯನ್ ಬ್ಲೂ ರಾಬಿನ್ ಎಂಬ ಹೆಸರಿನಲ್ಲಿ ಹುಡುಕಬೇಕು. ಬಹಳ ಜನ ಐದೂವರೆಗೆ ಚಹಾಕ್ಕೆಂದು ಎದ್ದುಹೋಗುತ್ತಾರೆ. ನೀವು ಏಳಬೇಡಿ.

ಆ ಮಬ್ಬಿನಲ್ಲಿ ಷಟರ್ ವೇಗವನ್ನು 1/125ಕ್ಕೆ, ಕೆಲವೊಮ್ಮೆ 1/60ಕ್ಕೆ ಇಳಿಸಬೇಕಾಗುತ್ತದೆ. ಕೈಯಲ್ಲಿ ಹಿಡಿದು ತೆಗೆಯುವುದು ಕಷ್ಟ, ಟ್ರೈಪಾಡ್ ಅಥವಾ ಅಕ್ಕಿಯೋ ಕಾಳೋ ತುಂಬಿದ ಬಟ್ಟೆಯ ಚೀಲದ ಮೇಲೆ ಲೆನ್ಸ್ ಇಡಿ. ಸದ್ದಿಲ್ಲದ ಷಟರ್ ಇದ್ದರೆ ಬಳಸಿ. ನೆಲದಲ್ಲಿ ಮೇಯುವ ಹಕ್ಕಿ ಕುಪ್ಪಳಿಸಿದ ಮೇಲೆ ಅರೆಗಳಿಗೆ ಕಲ್ಲಿನಂತೆ ನಿಲ್ಲುತ್ತದೆ, ಬೆರಳು ಒತ್ತಬೇಕಾದ್ದು ಆಗ. ಫ್ಲ್ಯಾಷ್ ಬೇಡ. ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಅದು ಹೊಡೆತ, ಚಿತ್ರದಲ್ಲಿಯೂ ಸಂಜೆಯ ಬೆಳಕನ್ನು ಅಳಿಸಿಹಾಕುತ್ತದೆ.

ಗುಂಪು ಬಂದಾಗ

ನಿಂತೇ ಇರಿ ಎಂಬ ಮಾತಿಗೆ ಒಂದು ವಿನಾಯಿತಿ ಇದೆ. ಪಶ್ಚಿಮಘಟ್ಟದ ಕಾಡಿನಲ್ಲಿ ಎಷ್ಟೋ ಹೊತ್ತು ಏನೂ ಇಲ್ಲದೆ, ಇದ್ದಕ್ಕಿದ್ದಂತೆ ಮರವೆಲ್ಲ ಅಲ್ಲಾಡತೊಡಗುತ್ತದೆ. ಚಿತ್ರಪಕ್ಷಿ, ಎಲೆ ಉಲಿಯಕ್ಕಿ, ಹರಟೆಮಲ್ಲನ ಜಾತಿಯ ಚಿಕ್ಕ ಹಕ್ಕಿಗಳು, ತಲೆಕೆಳಗಾಗಿ ಬೊಡ್ಡೆ ಇಳಿಯುವ ಮರಗುಬ್ಬಿ, ಹಿಂದಿನಿಂದ ಭೀಮರಾಜ, ಎಲ್ಲವೂ ಒಟ್ಟಾಗಿ ಹುಳು ಹುಡುಕುತ್ತ ಸಾಗುವ ಬೆರಕೆ ಹಿಂಡು ಅದು. ಅದರ ಹಿಂದೆ ಹೋದರೆ ಸಿಗುವುದು ಬಾಲಗಳು ಮಾತ್ರ. ಹಿಂಡು ಸಾಗುವ ದಿಕ್ಕನ್ನು ಅರ್ಧ ನಿಮಿಷ ಗಮನಿಸಿ, ದಾರಿ ಹಿಡಿದು ಐವತ್ತು ಹೆಜ್ಜೆ ಮುಂದೆ ಹೋಗಿ, ಎಲೆ ವಿರಳವಾಗಿರುವ ಒಂದು ಮರದ ಎದುರು ನಿಂತುಬಿಡಿ. ಕಾಡು ಬಿಟ್ಟು ದಾರಿಯಲ್ಲೇ ನಿಲ್ಲಿ, ಸುತ್ತಲಿನದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡು, ಅನುಮತಿಯಿಲ್ಲದೆ ಒಳಗೆ ಕಾಲಿಡುವಂತಿಲ್ಲ.

ಮೈಮೇಲೆ ಎಚ್ಚರ

ಮಲೆನಾಡಿನ ಚಳಿಗಾಲದಲ್ಲಿ ಇಂಬಳದ ಕಾಟ ಕಡಿಮೆ, ಆದರೆ ಉಣುಗಿನ ಕಾಲ ಶುರುವಾಗುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ. ಡಿಸೆಂಬರ್‌ನಿಂದ ಮೇವರೆಗೆ ಶಿವಮೊಗ್ಗ, ಉತ್ತರ ಕನ್ನಡದ ಹಲವು ಕಡೆ ಇದರ ಭಯ ಇರುತ್ತದೆ. ನೆಲದ ಮಟ್ಟದಿಂದ ಚಿತ್ರ ತೆಗೆಯುವ ಆಸೆಗೆ ತರಗೆಲೆಯ ಮೇಲೆ ಮಲಗುವುದನ್ನು ಇಲ್ಲಿ ಮಾಡಲೇಬೇಡಿ. ತುಂಬುತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟ್, ಬಯಲಾದ ಚರ್ಮಕ್ಕೆ ಉಣುಗು ತಡೆಯುವ ಎಣ್ಣೆ ಇರಲಿ. ಆರೋಗ್ಯ ಇಲಾಖೆ ಕಾಡಂಚಿನ ಊರುಗಳಲ್ಲಿ ಡೇಪಾ ತೈಲ ಹಂಚುವುದು ಇದಕ್ಕೇ. ಕೊಠಡಿಗೆ ಬಂದ ತಕ್ಷಣ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆ ಬದಲಿಸಿ, ಕಂಕುಳು, ಮೊಣಕಾಲಿನ ಹಿಂಬದಿ ನೋಡಿಕೊಳ್ಳಿ. ಸತ್ತ ಕೋತಿ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಊರಿಗೆ ಮರಳಿದ ಮೇಲೆ ಜೋರು ಜ್ವರ ಬಂದರೆ ಕಾಡಿಗೆ ಹೋಗಿದ್ದೆ ಎಂದು ವೈದ್ಯರಿಗೆ ಮೊದಲೇ ಹೇಳಿ.

ಮಾಡಬಾರದ ಕೆಲಸಗಳು

ಮೊಬೈಲಿನಲ್ಲಿ ಹಕ್ಕಿಯ ಕೂಗು ನುಡಿಸಿ ಹೊರಗೆ ಕರೆಯುವುದನ್ನು ನಾನು ಒಪ್ಪುವುದಿಲ್ಲ. ಸಾವಿರಾರು ಕಿಲೋಮೀಟರ್ ಹಾರಿಬಂದು, ಇದ್ದ ಹುಳುವಿನಲ್ಲೇ ಮೈ ತುಂಬಿಕೊಂಡು ಮಾರ್ಚ್‌ನಲ್ಲಿ ಮತ್ತೆ ಹೊರಡಬೇಕಾದ ಹಕ್ಕಿ ಅದು. ತನ್ನ ಗಡಿಯೊಳಗೆ ಯಾರೋ ನುಗ್ಗಿದರೆಂದು ನಂಬಿ ಮೇಯುವುದನ್ನು ಬಿಟ್ಟು ಜಗಳಕ್ಕೆ ಬರುತ್ತದೆ. ಒಬ್ಬರು ಹೋದ ಮೇಲೆ ಇನ್ನೊಬ್ಬರು ಅದನ್ನೇ ನುಡಿಸಿದರೆ ಅದರ ಇಡೀ ಬೆಳಗು ಹಾಳು. ಹುಳು ಇಟ್ಟು ಆಸೆ ತೋರಿಸುವುದು, ಚಿತ್ರಕ್ಕೆ ಅಡ್ಡವಾದ ರೆಂಬೆಯನ್ನು ಮುರಿಯುವುದು, ಪೊದೆ ಅಲ್ಲಾಡಿಸಿ ಎಬ್ಬಿಸುವುದು, ಇವೂ ಬೇಡ. ಮಾರ್ಗದರ್ಶಿಯನ್ನು ಕರೆದುಕೊಂಡಿದ್ದರೆ ಹೊರಡುವ ಮೊದಲೇ ಈ ಮಾತನ್ನು ಹೇಳಿಬಿಡಿ. ಊರಿನವರನ್ನೇ ಮಾರ್ಗದರ್ಶಿಯಾಗಿ ಆರಿಸಿ. ಯಾವ ಅತ್ತಿಮರ ಈ ವಾರ ಹಣ್ಣಾಗಿದೆ ಎಂಬುದನ್ನು ಅವರಷ್ಟು ಚೆನ್ನಾಗಿ ಯಾವ ಆ್ಯಪೂ ಹೇಳುವುದಿಲ್ಲ.

ಕೊನೆಯ ಹೆಜ್ಜೆ: ಅದೇ ಸಂಜೆ ಮಾಡಬೇಕಾದ್ದು

ಚಿತ್ರಗಳನ್ನು ಎರಡು ಕಡೆ ನಕಲು ಮಾಡಿಡಿ. ಕಣ್ಣು ಸ್ಫುಟವಾಗಿಲ್ಲದವನ್ನು ಅಳಿಸಿ, ಆದರೆ ಗುರುತು ಹತ್ತದ ಹಕ್ಕಿಯ ಮಸುಕು ಚಿತ್ರವನ್ನು ಅಳಿಸಬೇಡಿ. ಎಲೆ ಉಲಿಯಕ್ಕಿಗಳಲ್ಲಿ ರೆಕ್ಕೆಯ ಪಟ್ಟಿ, ಹುಬ್ಬಿನ ಗೆರೆ, ಕಾಲಿನ ಬಣ್ಣ ಇವಿಷ್ಟರ ಮೇಲೆಯೇ ಜಾತಿ ತೀರ್ಮಾನವಾಗುವುದರಿಂದ ಕೆಟ್ಟ ಚಿತ್ರವೂ ಸಾಕ್ಷಿಯಾಗುತ್ತದೆ. ಕೇಳಿದ ಕರೆಯನ್ನು ನಿಮಗೆ ತೋಚಿದ ಅಕ್ಷರಗಳಲ್ಲಿ ಬರೆದಿಡಿ. ಕಂಡ ಹಕ್ಕಿಗಳ ಪಟ್ಟಿಯನ್ನು, ಸಾಮಾನ್ಯ ಕಾಗೆ ಗುಬ್ಬಿಗಳನ್ನೂ ಬಿಡದೆ, ಹೊತ್ತು ಮತ್ತು ಜಾಗದ ಸಮೇತ ಹಕ್ಕಿ ದಾಖಲೆಗಳ ಆನ್‌ಲೈನ್ ಸಂಗ್ರಹವಾದ ಇಬರ್ಡ್‌ಗೆ ಸೇರಿಸಿ. ಪ್ರವಾಸ ಫೆಬ್ರವರಿಯಲ್ಲಿದ್ದರೆ ಆ ತಿಂಗಳಲ್ಲಿ ಜಗತ್ತಿನಾದ್ಯಂತ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ಗೂ ಅದೇ ಪಟ್ಟಿ ಸಲ್ಲುತ್ತದೆ. ನೊಣಹಿಡುಕದ ಆಸನಗಳಿರುವ ಮರವನ್ನು ನಿಮ್ಮ ಟಿಪ್ಪಣಿಯಲ್ಲಿ ಗುರುತು ಮಾಡಿಕೊಳ್ಳಿ. ಮುಂದಿನ ಡಿಸೆಂಬರ್‌ನಲ್ಲಿ ಮೊದಲು ನೋಡಬೇಕಾದ ಜಾಗ ಅದೇ.